ಕ್ಲೈವ್ ಸಾರ್ ಅವರನ್ನು ನಾನು ಪರಿಚಯಿಸಿದ್ದು

ಮೊನ್ನೆ ಇಲ್ಲಿ ಮಸ್ಕತ್ತಿನ ಗುಬ್ರಾದ ಸಭಾಂಗಣವೊಂದರಲ್ಲಿ ಒಬ್ಬರು ನನ್ನ ಕೈಗೆ ಮೈಕು ತುರುಕಲು ಬಂದರು. "ಒಂದೆರಡು ಮಾತು ಅಷ್ಟೇ ಕಣಮ್ಮ. ಅತಿಥಿಗಳ ಪರಿಚಯ ಮಾಡಿಕೊಟ್ಬಿಡು. ಡಿಬೇಟ್‌ನೋಳು ನೀನು, ನಿಂಗೇನು ಕಷ್ಟ?" ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಮೈಕು ಒಂದಷ್ಟು ಹೊತ್ತು ಗಾಳಿಯಲ್ಲಿ ನಿಂತು ಬೇರೆಯವರ ಕೈ ಸೇರಿತು. ಹಿಂದಿನ ಸಾಲಿನಲ್ಲಿ ಯಾರೋ "ಸೊಕ್ಕು" ಎಂದರು. ಇರಲಿ. ಕುರ್ಚಿ ಜೋಡಿಸುತ್ತೇನೆ, ಉಪ್ಪಿಟ್ಟಿನ ತಟ್ಟೆ ಹಂಚುತ್ತೇನೆ, ಬೇಕಿದ್ದರೆ ವಂದನಾರ್ಪಣೆಯನ್ನೂ ಮಾಡುತ್ತೇನೆ. ಅತಿಥಿ ಪರಿಚಯ ಮಾತ್ರ ಈ ಜನ್ಮದಲ್ಲಿ ಇನ್ನೊಮ್ಮೆ ಮಾಡುವುದಿಲ್ಲ. ಕಾರಣ ಹೇಳಲು ಹೊರಟರೆ ನನ್ನ ದನಿ ಏರುತ್ತದೆ. ಬರೆದರೆ ತಗ್ಗೀತು ಎಂದು ಕೂತಿದ್ದೇನೆ. ತಗ್ಗುವ ಲಕ್ಷಣ ಕಾಣುತ್ತಿಲ್ಲ.

ನಮ್ಮ ಕನ್ನಡ ಕೂಟಗಳ ಅತಿಥಿ ಪರಿಚಯವನ್ನು ನೀವು ಕೇಳಿಯೇ ಇರುತ್ತೀರಿ. ಮನುಷ್ಯ ವೇದಿಕೆ ಹತ್ತುವಾಗ ಒಂದು ಗಾತ್ರ, ಪರಿಚಯ ಮುಗಿಯುವ ಹೊತ್ತಿಗೆ ಇನ್ನೊಂದು ಗಾತ್ರ. ಏರ್‌ಕಂಡೀಶನರ್ ಮಾರುವವರು ಹವಾನಿಯಂತ್ರಣ ವಿಜ್ಞಾನಿಯಾಗುತ್ತಾರೆ. ರೂವಿಯಲ್ಲಿ ಒಂದೇ ಒಂದು ಹಲ್ಲಿನ ಕ್ಲಿನಿಕ್ ಇಟ್ಟವರು ಕೊಲ್ಲಿ ರಾಷ್ಟ್ರಗಳ ಖ್ಯಾತ ದಂತ ತಜ್ಞರಾಗುತ್ತಾರೆ. ನನ್ನ ಅಪ್ಪ ತೈಲಬಾವಿಗಳಿಗೆ ವಾಲ್ವು ಪೂರೈಸುವ ಕಂಪನಿಯಲ್ಲಿ ನಕ್ಷೆ ಬರೆಯುತ್ತಿದ್ದರು. ಒಂದು ಯುಗಾದಿಗೆ ಅವರನ್ನು "ಒಮಾನ್ ತೈಲೋದ್ಯಮದ ಆಧಾರಸ್ತಂಭ" ಎಂದು ಕರೆದು ಹಣ್ಣಿನ ಬುಟ್ಟಿ ಕೊಟ್ಟರು. ಮನೆಗೆ ಬಂದು ಅಪ್ಪ ಸೋಫಾದ ಮೇಲೆ ಬಿದ್ದುಕೊಂಡು, "ಸ್ತಂಭಕ್ಕೆ ಅರ್ಧ ಲೋಟ ಕಾಫಿ ಕೊಡ್ತೀಯೇನೇ?" ಎಂದು ಅಮ್ಮನನ್ನು ಕೇಳಿದ್ದರು. ಆಗೆಲ್ಲ ನಾನೂ ನಕ್ಕವಳೇ. ಸುಳ್ಳು ಹೇಳಿಸಿಕೊಂಡವರಿಗೆ ಅದು ಸುಳ್ಳೆಂದು ಗೊತ್ತಿದ್ದರೆ ಅದೊಂದು ಆಟ. ಗೊತ್ತಿಲ್ಲದಿದ್ದರೆ? ಈ ಪ್ರಶ್ನೆ ನನಗೆ ಹೊಳೆಯಲು ಒಬ್ಬ ಮನುಷ್ಯನ ಕೆಲಸ ಹೋಗಬೇಕಾಯಿತು.

ಅದು ಕಚ್ಚಾ ಎಣ್ಣೆಯ ಬೆಲೆ ಬಿದ್ದ ಕಾಲ. ಅಲ್ ಮವಾಲೇಹ್‌ನ ನಮ್ಮ ಕಟ್ಟಡದಲ್ಲಿ ಬೆಲೆ ಬಿದ್ದದ್ದು ನಮಗೆ, ಅಂದರೆ ಮಕ್ಕಳಿಗೆ, ತಿಳಿದದ್ದು ರಟ್ಟಿನ ಡಬ್ಬಗಳಿಂದ. ತರಕಾರಿ ಮಾರುಕಟ್ಟೆಯಲ್ಲಿ ಸಾಮಾನು ಕಟ್ಟಲು ಸೇಬಿನ ಖಾಲಿ ಡಬ್ಬಕ್ಕೆ ಆಂಟಿಯರು ಕಾದು ನಿಲ್ಲುತ್ತಿದ್ದರು. ಯಾರ ಮನೆಯ ಹಜಾರದಲ್ಲಿ ಸೇಬಿನ ಡಬ್ಬ ಕಂಡರೂ ಅವರು ಊರಿಗೆ ಹೊರಟರು ಎಂದೇ ಅರ್ಥ. ಸ್ಕೂಲ್ ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಜಗಳವೇ ನಿಂತುಹೋಯಿತು. ಎಲ್ಲರಿಗೂ ಒಂದೊಂದು ಕಿಟಕಿ ಸಿಗುತ್ತಿತ್ತು. ಅಪ್ಪ ಆಫೀಸಿನಿಂದ ಬಂದು ಬೂಟು ಬಿಚ್ಚುವ ರೀತಿಯಲ್ಲೇ ಆ ದಿನ ಎಷ್ಟು ಜನರನ್ನು ಕೆಲಸದಿಂದ ಕಳಿಸಿದರೆಂದು ಅಮ್ಮ ಊಹಿಸುತ್ತಿದ್ದಳು.

ಆ ದಿನಗಳಲ್ಲಿ ನಾನು ಹನ್ನೊಂದನೇ ತರಗತಿ. ಶಾಲೆಯ ಡಿಬೇಟ್ ತಂಡದ ನಾಯಕಿ, ಮೂರು ಕಪ್ಪು ಗೆದ್ದವಳು, ಯಾರು ಬಾಯಿ ತೆರೆದರೂ "ಆಧಾರ ಏನು?" ಎಂದು ಕೇಳಿ ಮನೆಯವರಿಂದ ಬೈಸಿಕೊಂಡವಳು. ಎತ್ತರ ಸ್ವಲ್ಪ ಹೆಚ್ಚಾಯಿತೆಂದು ಅಪ್ಪ ನನ್ನನ್ನು ಬ್ಯಾಸ್ಕೆಟ್‌ಬಾಲಿಗೆ ಹಾಕಿದ್ದರು. ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಕ್ರೀಡಾ ಅಕಾಡೆಮಿ. ಅದರ ಅರ್ಬಾಬ್, ಅಂದರೆ ಒಡೆಯರು, ವರ್ಷಕ್ಕೆರಡು ಸಲ ಕಾಣಿಸಿಕೊಳ್ಳುವ ವಯಸ್ಸಾದ ಒಮಾನಿ. ನಡೆಸುವವರು ಮ್ಯಾನೇಜರ್ ಶೇಖರ್ ಅಂಕಲ್, ಕಾರ್ಕಳ ಕಡೆಯ ತುಳುವರು. ನಮ್ಮ ಕನ್ನಡ ಕೂಟದ ಸಾಂಸ್ಕೃತಿಕ ಕಾರ್ಯದರ್ಶಿಯೂ ಅವರೇ. ಚೆಂಡು ನನ್ನ ಕೈಗೆ ಬಂದರೆ ಎಡಕ್ಕೆ ಕೊಡಬೇಕೋ ಬಲಕ್ಕೋ ಎಂದು ಎರಡೂ ಪಕ್ಷದ ವಾದವನ್ನು ಮನಸ್ಸಿನಲ್ಲೇ ಮಂಡಿಸುತ್ತಿದ್ದೆ; ತೀರ್ಪು ಬರುವಷ್ಟರಲ್ಲಿ ಎಂಟನೇ ತರಗತಿಯ ಯಾವಳೋ ಕಿತ್ತುಕೊಂಡು ಓಡಿಹೋಗಿರುತ್ತಿದ್ದಳು.

"ಲಾಯರ್! ಚೆಂಡು ಕೋರ್ಟಿನಲ್ಲಿ ಉಂಟು, ಕೇಸು ನಡೆಸಬೇಡ!" ಎಂದು ಕೂಗುತ್ತಿದ್ದವರು ನಮ್ಮ ಕೋಚ್ ಕ್ಲೈವ್ ಸಾರ್. "ಉಂಟು" ಎಂದು ಅವರು ಹೇಳಲಿಲ್ಲ ಅನ್ನಿ. ಅವರದು ಆಸ್ಟ್ರೇಲಿಯಾದ ಇಂಗ್ಲಿಷು. ಇಲ್ಲಿ ಅವರ ಮಾತನ್ನೆಲ್ಲ ನಾನು ಕನ್ನಡಕ್ಕೆ ತಂದಿದ್ದೇನೆ, ಬೈಗುಳ ಬಿಟ್ಟಿದ್ದೇನೆ, ಹಾಗಾಗಿ ಉದ್ದ ಅರ್ಧವಾಗಿದೆ. ಮೂವತ್ತೆಂಟು ವಯಸ್ಸು, ಬಾಗಿಲಲ್ಲಿ ತಲೆ ತಗ್ಗಿಸಿ ಬರುವ ಎತ್ತರ, ಬಲ ಮಂಡಿಗೆ ಸದಾ ಕಪ್ಪು ಪಟ್ಟಿ. ಮಕ್ಕಳ ಜೊತೆ ಇದ್ದು ಇದ್ದು ನಮ್ಮ ಹಾಗೆ ತಲೆ ಅಲ್ಲಾಡಿಸುವುದನ್ನು ಕಲಿತಿದ್ದರು: ಹೌದೂ ಅಲ್ಲ, ಅಲ್ಲವೂ ಅಲ್ಲ, ಎರಡು ಕಿವಿಯ ನಡುವೆ ತೂಗುವ ಆ ನಮ್ಮ ಅಲ್ಲಾಟ. ಅದೊಂದು ಮರ್ಯಾದೆ ಎಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದರು. ಯಾವ ಆಂಟಿ ಏನು ಹೇಳಿದರೂ ತೂಗುತ್ತಿದ್ದರು.

ಕೂಟದ ವಾರ್ಷಿಕೋತ್ಸವಕ್ಕೆ ಆ ವರ್ಷ ಊರಿಂದ ಅತಿಥಿಗಳನ್ನು ಕರೆಸುವ ಶಕ್ತಿ ಇರಲಿಲ್ಲ. ಶೇಖರ್ ಅಂಕಲ್ ತಮ್ಮ ಅಕಾಡೆಮಿಯ ಕೋಚನ್ನೇ ಮುಖ್ಯ ಅತಿಥಿ ಮಾಡಿದರು. "ಬಿಳಿ ಮನುಷ್ಯ, ಏಳಡಿ ಹತ್ರ ಉಂಟು, ಸ್ಟೇಜ್ ತುಂಬ್ತದೆ" ಎಂದರು. ಪರಿಚಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ನೋಟ್‌ಬುಕ್ ಹಿಡಿದು ಕ್ಲೈವ್ ಸಾರ್ ಎದುರು ಕೂತು, ದೊಡ್ಡ ವಿಷಯಗಳನ್ನಷ್ಟೇ ಕೇಳಿದೆ. ರಾಷ್ಟ್ರೀಯ ತಂಡ? ಇಲ್ಲ. ಚಾಂಪಿಯನ್‌ಶಿಪ್? ಇಲ್ಲ. ಅತಿ ಹೆಚ್ಚು ಅಂಕ? ಅವರು ನಕ್ಕರು. ದೇಶದ ಮೇಲ್ದರ್ಜೆಯ ಲೀಗಿನಲ್ಲಿ ಎರಡು ಸೀಸನ್, ಐವರು ಅಂಗಳಕ್ಕಿಳಿಯುವ ತಂಡದಲ್ಲಿ ಹತ್ತನೆಯ ಆಟಗಾರ. ಪಂದ್ಯದಲ್ಲಿ ಹೆಚ್ಚಾಗಿ ಬೆಂಚು. ಅವರ ನಿಜವಾದ ಕೆಲಸ ಅಭ್ಯಾಸದಲ್ಲಿ: ಮುಂದಿನ ವಾರದ ಎದುರಾಳಿ ತಂಡದ ದೊಡ್ಡ ಆಟಗಾರ ಯಾರೋ ಅವನ ಹಾಗೆ ಆಡಿ ತೋರಿಸುವುದು, ತಮ್ಮ ತಂಡದವರು ಅವನನ್ನು ತಡೆಯಲು ಕಲಿಯಲಿ ಎಂದು. "ಎಲ್ಲ ದೊಡ್ಡವರ ಹಾಗೂ ಆಡಬಲ್ಲೆ," ಎಂದರು, "ಸೋಮವಾರದಿಂದ ಗುರುವಾರದವರೆಗೆ."

ಇದು ನನಗೆ ಬಹಳ ಹಿಡಿಸಿತು. ಡಿಬೇಟಿನಲ್ಲಿ ನಾವೂ ಚೀಟಿ ಎತ್ತಿ ಬಂದ ಪಕ್ಷವನ್ನೇ ನಮ್ಮದೆಂಬಂತೆ ಆಡುತ್ತೇವಲ್ಲ. ಅದನ್ನೇ ಬರೆದೆ. ಒಂದು ಪುಟ, ಎಲ್ಲ ನಿಜ. ಶೇಖರ್ ಅಂಕಲ್ ಓದಿದರು. ಓದುತ್ತಾ ಅವರ ಮುಖ ಸಾಂಬಾರಿಗೆ ಉಪ್ಪು ಬಿದ್ದಿಲ್ಲ ಎಂಬಂತಾಯಿತು.

"ಎಂಥ ಮಾರಾಯ್ತಿ ಇದು? ಹತ್ತನೇ ಆಟಗಾರ, ಬೆಂಚು... ಸನ್ಮಾನವಾ ಪೊಲೀಸ್ ರಿಪೋರ್ಟಾ?"

"ಇದ್ದದ್ದನ್ನೇ ಬರೆದಿದ್ದೀನಿ ಅಂಕಲ್."

"ಇದ್ದದ್ದು ಎಲ್ಲರಿಗೂ ಇರ್ತದೆ. ಸ್ಟೇಜಿಗೆ ಬೇರೆ ಬೇಕು." ಕೆಂಪು ಪೆನ್ನು ತೆಗೆದು ನನ್ನ ಸಾಲುಗಳ ಮೇಲೆ ಗೀಟು ಎಳೆದು ಬರೆದರು: ಆಸ್ಟ್ರೇಲಿಯಾ ರಾಷ್ಟ್ರೀಯ ತಂಡದ ಮಾಜಿ ನಾಯಕ.

"ಇದಕ್ಕೆ ಆಧಾರ ಏನು?"

"ಆಧಾರ ನಾನು! ಅಲ್ಲ, ಯಾರಿಗೆ ನಷ್ಟ ಹೇಳು? ಅವನಿಗೆ ಕನ್ನಡ ಬರುದಿಲ್ಲ. ಜನಕ್ಕೆ ಖುಷಿ. ಇದು ಡಿಬೇಟ್ ಅಲ್ಲ ಮಾರಾಯ್ತಿ, ಚಪ್ಪಾಳೆ ಬೀಳುವ ಜಾಗ."

ನಾನು ವಾದಿಸಿದೆ, ನಿಜ. ಐದು ನಿಮಿಷ ವಾದಿಸಿದೆ. ಆಮೇಲೆ ವೇದಿಕೆ ಹತ್ತಿ ಕೆಂಪು ಅಕ್ಷರವನ್ನೇ ಓದಿದೆ. ಇಲ್ಲಿ ಯಾವ ಸಮಜಾಯಿಷಿಯೂ ಇಲ್ಲ. ಮೈಕು ಒಳ್ಳೆಯದಿತ್ತು, ಸಭೆ ತುಂಬಿತ್ತು, "ಮಾಜಿ ನಾಯಕ" ಎಂಬಲ್ಲಿ ದನಿಯನ್ನು ಎಲ್ಲಿ ಏರಿಸಬೇಕೆಂದು ನನಗೆ ಗೊತ್ತಿತ್ತು, ಏರಿಸಿದೆ. ಚಪ್ಪಾಳೆ ಬಿತ್ತು. ಕ್ಲೈವ್ ಸಾರ್ ಮೈಸೂರು ಪೇಟದ ಕೆಳಗಿನಿಂದ ನನ್ನನ್ನು ನೋಡಿ ಹೆಮ್ಮೆಯಿಂದ ತಲೆ ತೂಗಿದರು. ಅವರಿಗೆ ಹೆಮ್ಮೆ ಎನಿಸಿದ್ದು ನಾನು ಅಷ್ಟು ಚೆನ್ನಾಗಿ ಮಾತಾಡುತ್ತಿದ್ದೇನೆಂದು. ಅದನ್ನು ಯಾರೋ ವಿಡಿಯೊ ಮಾಡಿಕೊಂಡರು.

ಒಂದು ವಾರ ಕಳೆಯಿತು. ಅಕಾಡೆಮಿಗೆ ಹೊಸ ಮಕ್ಕಳು ಸೇರತೊಡಗಿದರು. ಅಂಗಳದಲ್ಲಿ ತಾಯಂದಿರು "ನ್ಯಾಷನಲ್ ಕ್ಯಾಪ್ಟನ್ ಅಂತೆ" ಎಂದು ಮಾತಾಡಿಕೊಳ್ಳುತ್ತಿದ್ದರು. ಸತ್ಯವನ್ನು ಸರಿಪಡಿಸಬೇಕೆಂದು ನನಗೆ ಉರಿ ಹತ್ತಿತು. ಅಪ್ಪ ಸ್ನಾನಕ್ಕೆ ಹೋದಾಗ ಅವರ ಫೋನು ತೆಗೆದುಕೊಂಡು, ಅಕಾಡೆಮಿಯ ಪೋಷಕರ ವಾಟ್ಸಾಪ್ ಗುಂಪಿಗೆ, ಅಂಕೆ ಹಾಕಿ, ಒಂದರಿಂದ ಏಳರವರೆಗೆ ಬರೆದೆ. ಕೋಚ್ ಕ್ಲೈವ್ ರಾಷ್ಟ್ರೀಯ ತಂಡಕ್ಕೆ ಎಂದೂ ಆಡಿಲ್ಲ. ನಾಯಕರಾಗಿರಲಿಲ್ಲ. ಕೇವಲ ಬೆಂಚಿನ ಆಟಗಾರರಾಗಿದ್ದರು. ಲೀಗಿನ ದಾಖಲೆ ಇಲ್ಲಿದೆ, ನೋಡಿ. ಈ ಸುಳ್ಳಿಗೆ ಯಾರು ಹೊಣೆ ಎಂಬುದನ್ನು ಸಂಘಟಕರು ಹೇಳಲಿ.

ನನ್ನ ನಿರೀಕ್ಷೆ ಸರಳವಾಗಿತ್ತು: ಜನ ಶೇಖರ್ ಅಂಕಲ್ ಮೇಲೆ ಮುಗಿಬೀಳುತ್ತಾರೆ. ಹದಿನಾರು ವರ್ಷ ಈ ಜನರ ನಡುವೆ ಬೆಳೆದವಳಿಗೆ ಅವರು ಹಾಗೆ ಮಾಡುವವರಲ್ಲ ಎಂಬಷ್ಟೂ ಗೊತ್ತಾಗದಿದ್ದರೆ ಆ ಮೂರು ಕಪ್ಪು ಯಾವ ಪುರುಷಾರ್ಥಕ್ಕೆ?

"ಹಾಗಾದ್ರೆ ಇವನು ಫೇಕಾ?" ಎಂದು ಮೊದಲನೆಯ ಉತ್ತರ ಬಂತು. "ಊರಿಗೆಲ್ಲ ಫೋಟೊ ಕಳಿಸಿದ್ದೀವಲ್ರೀ, ನಮ್ಮತ್ತೆ ದೇವರ ಮನೆ ಪಕ್ಕ ಹಾಕ್ಕೊಂಡಿದಾರೆ" ಎಂದು ಇನ್ನೊಬ್ಬರು. ಪರಿಚಯ ಬರೆದವರು ಯಾರು, ಓದಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಆಮೇಲೆ ಆ ವಿಡಿಯೊ ಬಂತು. "ನೋಡಿ, 'ಮಾಜಿ ನಾಯಕ' ಅಂದಾಗ ಅವನೇ ತಲೆ ಅಲ್ಲಾಡಿಸ್ತಾನೆ. ಒಪ್ಕೊಂಡ ಹಾಗೇ ಅಲ್ವಾ?" ನಲವತ್ತು ಮಂದಿ ಸುಶಿಕ್ಷಿತರು, ಎಂಜಿನಿಯರುಗಳು, ಆಡಿಟರುಗಳು, ತಮಗೇ ಅರ್ಥ ಗೊತ್ತಿಲ್ಲದ ನಮ್ಮದೇ ತಲೆಯಲ್ಲಾಟವನ್ನು, ತನಗೆ ಬಾರದ ಭಾಷೆಗೆ ಒಬ್ಬ ಪರದೇಶಿ ತೂಗಿದ್ದನ್ನು, ತಪ್ಪೊಪ್ಪಿಗೆ ಎಂದು ಸ್ವೀಕರಿಸಿದರು! ನಾನು ಉತ್ತರ ಬರೆಯುವಷ್ಟರಲ್ಲಿ ಅಪ್ಪ ಒದ್ದೆ ತಲೆಯಲ್ಲೇ ಬಂದು ಫೋನು ಕಿತ್ತುಕೊಂಡರು.

"ನನ್ನ ಹೆಸರಲ್ಲಿ ಬರೆದಿದೀಯಲ್ಲೇ! ಆಫೀಸಲ್ಲಿ ತೆಗೆಯೋರ ಲಿಸ್ಟ್ ರೆಡಿಯಾಗ್ತಿರೋ ಹೊತ್ತಲ್ಲಿ ಯಾರ ಕಣ್ಣಿಗೂ ಬೀಳದೆ ಇರೋಣ ಅಂತ ನಾನಿದ್ರೆ..."

"ಅಪ್ಪ, ತಪ್ಪು ಶೇಖರ್ ಅಂಕಲ್‌ದು."

"ಇರಬಹುದು ಕಣೆ. ಸಿಕ್ಕಿಹಾಕಿಕೊಂಡೋನು ಅವನಲ್ಲ."

ಹತ್ತು ದಿನದಲ್ಲಿ ಕ್ಲೈವ್ ಸಾರ್ ಕೈಗೆ ಪತ್ರ ಬಂತು: ಅರ್ಹತೆಯ ಬಗ್ಗೆ ತಪ್ಪು ಮಾಹಿತಿ ನೀಡಿದ್ದಕ್ಕಾಗಿ ಸೇವೆ ರದ್ದು. ಬರೆದವರು, ಕೆಂಪು ಪೆನ್ನಿನ ಅದೇ ಶೇಖರ್ ಅಂಕಲ್. ಆಮೇಲೆ ತಿಳಿದದ್ದೆಂದರೆ, ಖರ್ಚು ಇಳಿಸಬೇಕು, ಇಬ್ಬರಲ್ಲಿ ಒಬ್ಬರನ್ನು ಬಿಡಿ, ಮ್ಯಾನೇಜರೋ ಕೋಚೋ ನೀವೇ ಹೇಳಿ ಎಂದು ಅರ್ಬಾಬ್ ಶೇಖರ್ ಅಂಕಲ್ ಅವರನ್ನೇ ಮೊದಲೇ ಕೇಳಿದ್ದರಂತೆ. ಕಾರಣವಿಲ್ಲದೆ ತನ್ನ ಬದಲು ಇನ್ನೊಬ್ಬನನ್ನು ಕಳಿಸಲು ಅಂಕಲ್‌ಗೆ ನಾಚಿಕೆ ಇತ್ತು. ನಾನು ಒಂದರಿಂದ ಏಳರವರೆಗೆ ಅಂಕೆ ಹಾಕಿ ಕಾರಣ ಒದಗಿಸಿದ್ದೆ.

ಕೆಲಸ ಹೋದದ್ದು ಮಾತ್ರವಾಗಿದ್ದರೆ ಬೇರೆ. ಕ್ಲೈವ್ ಸಾರ್‌ಗೆ ಒಮಾನಿನಲ್ಲೇ ಸುವೈಕ್ ಎಂಬ ಊರಿನ ಒಂದು ಕ್ಲಬ್ಬಿನಲ್ಲಿ ಹುಡುಗರ ಕೋಚ್ ಆಗಲು ಕರೆ ಬಂದಿತ್ತು. ಆದರೆ ಆಗಿನ ನಿಯಮದಲ್ಲಿ ಹಳೆಯ ಕೆಲಸದ ಕಡೆಯವರು 'ನಮ್ಮದೇನೂ ಅಡ್ಡಿಯಿಲ್ಲ' ಎಂದು ಎನ್‌ಒಸಿ ಬರೆದುಕೊಡಬೇಕು. ಕೊಡದಿದ್ದರೆ ದೇಶ ಬಿಡಬೇಕು, ಎರಡು ವರ್ಷ ಹೊಸ ಕೆಲಸಕ್ಕೆ ವಾಪಸು ಬರುವಂತಿಲ್ಲ. ಎರಡು ವರ್ಷ ಕಳೆದರೆ ಅವರಿಗೆ ನಲವತ್ತು, ಮಂಡಿಗೆ ಎಷ್ಟೋ. ಮೋಸಗಾರನೆಂದು ಬರೆದು ಕಳಿಸಿದವನಿಗೆ ಯಾರು ಎನ್‌ಒಸಿ ಕೊಡುತ್ತಾರೆ? ವೀಸಾ ರದ್ದಾಗಲು ಎರಡು ವಾರ ಉಳಿದಿತ್ತು.

ನಾನು ಕ್ಷಮೆ ಕೇಳಲು ಅವರ ಫ್ಲಾಟಿಗೆ ಹೋದೆ. ಬಾಗಿಲಲ್ಲೇ ಸೇಬಿನ ಡಬ್ಬ. ಅವರು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದರು. ನಾನು ನನ್ನ ಪಕ್ಷ ಮಂಡಿಸಿದೆ: ಸುಳ್ಳು ಬರೆದದ್ದು ನಾನಲ್ಲ, ಓದಿದ್ದು ತಪ್ಪು, ಆಮೇಲೆ ನಾನೇ ನಿಜ ಹೇಳಿದೆ. "ನಿಜ" ಎಂದದ್ದೇ ಅವರು ಪಾತ್ರೆ ಕೆಳಗಿಟ್ಟರು. ಅಷ್ಟು ಸಿಟ್ಟು ಅವರ ಮುಖದಲ್ಲಿ ಕೋರ್ಟಿನ ಮೇಲೂ ನೋಡಿರಲಿಲ್ಲ.

"ನೀನು ಬರೆದದ್ದನ್ನು ಒಬ್ಬರು ನನಗೆ ಓದಿ ಹೇಳಿದರು, ಲಾಯರ್. ಕೇವಲ ಬೆಂಚಿನ ಆಟಗಾರ. ಕೇವಲ! ಆ ಲೀಗಿನ ಎಲ್ಲ ತಂಡಗಳ ಎಲ್ಲ ಆಟಗಾರರನ್ನೂ ನಿಮ್ಮ ಮೂರು ಸ್ಕೂಲ್ ಬಸ್ಸಿನಲ್ಲಿ ಕೂರಿಸಬಹುದು, ಗೊತ್ತಾ? ಒಂದು ಇಡೀ ಖಂಡ. ಪ್ರತಿ ಊರಲ್ಲೂ ಗ್ಯಾರೇಜಿನ ಗೋಡೆಗೆ ರಿಂಗ್ ಹೊಡೆದುಕೊಂಡ ಹುಡುಗರು. ಅಷ್ಟೂ ಜನರಲ್ಲಿ ಮೂರು ಬಸ್ಸು. ಅದರಲ್ಲಿ ನನಗೆ ಎರಡು ವರ್ಷ ಒಂದು ಸೀಟು ಇತ್ತು. ನಾಯಕ ಅಂದವನು ನನ್ನ ಬಗ್ಗೆ ಏನೂ ಗೊತ್ತಿಲ್ಲದೆ ಅಂದ. ನೀನು ನೋಟ್‌ಬುಕ್ ಹಿಡಿದು ಎದುರಿಗೆ ಕೂತಿದ್ದೆ."

  ಇಡೀ ಕೂಟದ ಮೇಲೆ ಉರಿದುಬೀಳುವ ಹಕ್ಕು ನನಗಿದೆ ಎಂದುಕೊಂಡಿದ್ದವಳು, ಅವರು ಸುತ್ತಿಟ್ಟ ಬಾಣಲೆಯನ್ನೇ ನೋಡುತ್ತಾ ನಿಂತೆ. ಆದರೆ ಸಿಟ್ಟು ಕಡಿಮೆಯಾಯಿತು ಎಂದುಕೊಳ್ಳಬೇಡಿ. ಎರಡಾಯಿತು: ಕೂಟದ ಮೇಲೊಂದು, ನನ್ನ ಮೇಲೊಂದು.

ಮರುದಿನ ಶಾಲೆ ಮುಗಿಸಿ ತರಕಾರಿ ಮಾರುಕಟ್ಟೆಯ ಎದುರಿನ ಟೈಪಿಂಗ್ ಸೆಂಟರಿಗೆ ಹೋದೆ. ಕೊಲ್ಲಿಯ ಊರುಗಳಲ್ಲಿ ಅರಬ್ಬಿ ಬಾರದವರ ಹಣೆಬರಹವೆಲ್ಲ ಅರಬ್ಬಿಯಲ್ಲಿ ಟೈಪಾಗುವುದು ಇಂಥ ಅಂಗಡಿಗಳಲ್ಲೇ. ಅಲ್ಲಿನ ಮಲಯಾಳಿ ಚೇಟ್ಟನ ಎದುರು ಕೂತು ಅರ್ಬಾಬ್ ಅವರಿಗೆ ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಒಂದು ಕಾಗದ ಬರೆಸಿದೆ. ವಾರ್ಷಿಕೋತ್ಸವದಲ್ಲಿ ರಾಷ್ಟ್ರೀಯ ತಂಡದ ಮಾತು ಹೇಳಿದ್ದು ನಾನು, ನನ್ನ ಬಾಯಿಯಿಂದ, ಕೋಚ್‌ಗೆ ಬಾರದ ಭಾಷೆಯಲ್ಲಿ. ಅವರು ನನಗೆ ಹೇಳಿದ್ದು ಬೇರೆ. ನಾನು ಬರೆದುಕೊಂಡ ಮೂಲ ಪುಟ ಇದರ ಜೊತೆಗಿದೆ. ಆ ಪುಟದ ಮೇಲೆ ಕೆಂಪು ಗೀಟುಗಳೂ ಕೆಂಪು ಅಕ್ಷರವೂ ಇದ್ದವು. ಯಾರದೆಂದು ನಾನು ಬರೆಯಲಿಲ್ಲ. ಕೆಳಗೆ ನನ್ನ ಹೆಸರು. ಚೇಟ್ಟ ಕನ್ನಡಕದ ಮೇಲಿಂದ ನೋಡಿ, "ಬೇಟಿ, ಪಪ್ಪಾ ಕೋ ಮಾಲೂಮ್ ಹೈ?" ಎಂದ. ಪಪ್ಪನಿಗೆ ಗೊತ್ತಿತ್ತು. ಹಿಂದಿನ ಸಂಜೆ ಹೇಳಿದ್ದೆ. "ಈ ಸಲ ನಿನ್ನ ಹೆಸರಲ್ಲೇ ಬರಿ" ಎಂದಿದ್ದರು, ಅಷ್ಟೇ.

ಕಾಗದ ಅರ್ಬಾಬ್ ಕೈಗೆ ಹೋಗಬೇಕಾದರೆ ಮ್ಯಾನೇಜರ್ ಮೇಜಿನ ಮೂಲಕವೇ ಹೋಗಬೇಕು. ಶೇಖರ್ ಅಂಕಲ್ ಎರಡು ಸಲ ಓದಿದರು, ಇಂಗ್ಲಿಷನ್ನೂ ಅರಬ್ಬಿಯನ್ನೂ. ಜೊತೆಗಿದ್ದ ಪುಟ ತಿರುಗಿಸಿದಾಗ ಅವರ ಕೈ ನಿಂತಿತು.

"ಇದು ಇನ್ನೂ ಇಟ್ಕೊಂಡಿದ್ದೀಯಾ?"

"ಹೌದು."

"ನನ್ನ ಹೆಸರು ಎಲ್ಲಿಯೂ ಇಲ್ಲ ಅಲ್ಲ?"

"ಇಲ್ಲ. ಅಕ್ಷರ ಇದೆ. ಕೇಳಿದ್ರೆ ಹೇಳ್ತೀನಿ."

"ನಂಗೂ ಎರಡು ಮಕ್ಕಳುಂಟು ಮಾರಾಯ್ತಿ. ಊರಿಗೆ ಹೋಗಿ ಎಂಥ ಮಾಡ್ಲಿಕ್ಕೆ?"

ಈ ವಾದದ ಪರವಾಗಿ ನಾನು ಹತ್ತು ನಿಮಿಷ ಮಾತಾಡಬಲ್ಲೆ. ಚೀಟಿಯಲ್ಲಿ ಆ ಪಕ್ಷ ಬಂದರೆ ಗೆಲ್ಲಲೂ ಬಲ್ಲೆ. ಆ ಹೊತ್ತಿನಲ್ಲಿ ಹೇಳಿದ್ದು ಇಷ್ಟೇ: "ಅಂಕಲ್, ನಿಮ್ಮ ಕೆಲಸ ನಿಮಗಿರಲಿ. ಅದಕ್ಕೆ ಅವರು ಕಳ್ಳ ಆಗೋದು ಯಾಕೆ ಬೇಕಿತ್ತು? ಖರ್ಚಿಗೆ ಆಗ್ತಿಲ್ಲ, ಹೋಗಿ ಬನ್ನಿ ಅಂತ ಒಂದು ಸಾಲು ಬರೆದಿದ್ರೆ ನಿಮ್ಮ ಪೆನ್ನು ಸವೀತಿತ್ತಾ?"

ಅವರು ಕೆಂಪು ಪುಟವನ್ನು ಮಡಚಿ ತಮ್ಮ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ನಾನು ಬಾಯಿ ತೆರೆಯುವ ಮೊದಲೇ ಇನ್ನೊಂದು ಹಾಳೆ ಎಳೆದುಕೊಂಡು, ಹಳೆಯ ಪತ್ರ ರದ್ದು, ಖರ್ಚಿನ ಕಾರಣಕ್ಕೆ ಸೇವೆ ಮುಕ್ತಾಯ, ಕೋಚ್ ಬೇರೆ ಕಡೆ ಸೇರಲು ಯಾವ ಆಕ್ಷೇಪಣೆಯೂ ಇಲ್ಲ ಎಂದು ಟೈಪು ಮಾಡಿದರು. ಮೂರು ದಿನದಲ್ಲಿ ಅರ್ಬಾಬ್ ಸಹಿ ಬಂತು. ಅವರು ಏನನ್ನೂ ಕೇಳಲಿಲ್ಲವಂತೆ. ನನ್ನ ಕಾಗದವನ್ನು ಅವರಿಗೆ ತೋರಿಸಲೇ ಇಲ್ಲ ಎಂಬುದು ನನ್ನ ಅನುಮಾನ. ಆಮೇಲೆ ಕೂಟದಲ್ಲಿ ಶೇಖರ್ ಅಂಕಲ್, "ಆ ಆಸ್ಟ್ರೇಲಿಯಾದವನಿಗೆ ಎನ್‌ಒಸಿ ಕೊಡಿಸಿದ್ದೇ ನಾನು, ಪಾಪ" ಎಂದು ಹೇಳಿಕೊಂಡು ತಿರುಗಿದರು. ಇದನ್ನು ಬರೆಯುವಾಗಲೂ ನನ್ನ ಪೆನ್ನು ಕಾಗದವನ್ನು ಕೊರೆಯುತ್ತಿದೆ.

ಎನ್‌ಒಸಿ ತೆಗೆದುಕೊಂಡು ಹೋದಾಗ ಕ್ಲೈವ್ ಸಾರ್ ಕಟ್ಟಡದ ಕೆಳಗೆ, ಮಧ್ಯಾಹ್ನದ ಬಿಸಿಲಿನಲ್ಲಿ, ಕಾರಿಗೆ ಸಾಮಾನು ತುಂಬುತ್ತಿದ್ದರು. ಕಾಗದವನ್ನು ನಿಂತಲ್ಲೇ ಓದಿದರು. ಥ್ಯಾಂಕ್ಸ್ ಎನ್ನಲಿಲ್ಲ, ನಾನು ನಿರೀಕ್ಷಿಸಿರಲೂ ಇಲ್ಲ. ಸುವೈಕ್‌ಗೆ ಫೋನು ಮಾಡಿ, ಒಂದು ಕೈಯಲ್ಲಿ ಡಬ್ಬ ಹಿಡಿದಿದ್ದರಿಂದ ಸ್ಪೀಕರಿಗೆ ಹಾಕಿದರು. ಕ್ಲಬ್ಬಿನವನು ಹರಕು ಇಂಗ್ಲಿಷಿನಲ್ಲಿ, "ಕಾಗದ ಬಂತಾ? ಒಳ್ಳೆದು. ಫಾರ್ಮಿಗೆ ಬರೀಬೇಕು, ಮೊದಲು ಎಲ್ಲೆಲ್ಲಿ ಆಡಿದ್ದೆ?" ಎಂದ.

ಕ್ಲೈವ್ ಸಾರ್ ಡಬ್ಬ ಕೆಳಗಿಟ್ಟು ನೆಟ್ಟಗೆ ನಿಂತರು. ಹುಟ್ಟಿದ ಗಣಿ ಊರಿನ ತಂಡದಿಂದ ಶುರುಮಾಡಿದರು. ಅಲ್ಲಿ ನಾಲ್ಕು ವರ್ಷ, ಹಗಲು ಲಾರಿ ಓಡಿಸಿ ಸಂಜೆ ಆಟ. ಆಮೇಲೆ ಎರಡನೇ ದರ್ಜೆಯ ಲೀಗು, ಸಮುದ್ರ ತೀರದ ಊರು. ಆಮೇಲೆ—

"ಖಲಾಸ್, ಖಲಾಸ್," ಎಂದ ಅವನು. "ಸಾಕು. ಯಲ್ಲಾ, ಭಾನುವಾರ ಬಾ." ಫೋನು ಕಟ್ಟಾಯಿತು.

ಕ್ಲೈವ್ ಸಾರ್ ಫೋನನ್ನು ಜೇಬಿಗಿಟ್ಟರು. "ಮುಗಿದಿಲ್ಲ," ಎಂದು ನನ್ನ ಕಡೆ ತಿರುಗಿದರು. ಮೇಲ್ದರ್ಜೆಯ ಆ ಎರಡು ವರ್ಷ, ಮೊದಲ ಪಂದ್ಯದಲ್ಲಿ ಅಂಗಳಕ್ಕಿಳಿದ ಮೂರು ನಿಮಿಷ, ಎರಡನೇ ವರ್ಷ ಮಂಡಿ ತಿರುಚಿದ ದಿನ, ನ್ಯೂಜಿಲೆಂಡಿನ ಚಳಿ, ಮನಿಲಾದಲ್ಲಿ ಪಂದ್ಯ ಮುಗಿದ ಮೇಲೆ ಇಡೀ ಬೀದಿ ಹೆಗಲ ಮೇಲೆ ಹೊತ್ತುಕೊಂಡದ್ದು, ಬೈರೂತಿನ ಖಾಲಿ ಗ್ಯಾಲರಿ, ಬಹ್ರೇನ್, ಮಸ್ಕತ್. ಬಿಸಿಲು ನೆತ್ತಿ ಸುಡುತ್ತಿತ್ತು. ಅವರು ಒಂದೊಂದು ತಂಡದ ಹೆಸರನ್ನೂ ಪೂರ್ತಿಯಾಗಿ, ಜೊತೆಗಾರರ ಹೆಸರು ಸಮೇತ ಹೇಳಿದರು. ನಾನು ನಡುವೆ ಒಂದು ಪ್ರಶ್ನೆಯನ್ನೂ ಹಾಕದೆ, ಕೊನೆಯವರೆಗೂ ನಿಂತು ಕೇಳಿದೆ.